ಪಂಕ್ತಿಯಿಂದ ಮೇಜಿಗೆ: ಬೆಂಗಳೂರಿನ ಹೋಟೆಲುಗಳು ಮತ್ತು ಸಹಭೋಜನದ ಚರಿತ್ರೆ

ಕನ್ನಡದಲ್ಲಿ ‘ಹೋಟೆಲು’ ಎಂಬ ಮಾತು ತನ್ನ ಮೂಲದ ಅರ್ಥವನ್ನು ಬಿಟ್ಟು ಬಹಳ ಕಾಲವಾಗಿದೆ. ಪ್ರಯಾಣಿಕರು ತಂಗುವ ಮನೆಗೂ ಆ ಹೆಸರು ಸಲ್ಲುತ್ತದೆಯಾದರೂ ದಿನಬಳಕೆಯಲ್ಲಿ ಅದು ಕಾಫಿ ಕುಡಿಯುವ, ತಿಂಡಿ ತಿನ್ನುವ, ಊಟ ಮಾಡುವ ಸ್ಥಳ. ಬೆಂಗಳೂರಿನ ಬಳೇಪೇಟೆಯಲ್ಲೋ ಗಾಂಧಿಬಜಾರಿನಲ್ಲೋ ಇರುವ ಸಾಧಾರಣ ಹೋಟೆಲೊಂದನ್ನು ಗಮನಿಸಿದರೆ ಕಾಣುವುದು ಹೆಚ್ಚೇನಲ್ಲ: ಬಾಗಿಲ ಬಳಿ ಗಲ್ಲಾ, ಅದರ ಮೇಲೆ ಹೂವೇರಿಸಿದ ದೇವರ ಪಟ, ಗೋಡೆಯ ಮೇಲೆ ತಿಂಡಿಗಳ ಹೆಸರೂ ಬೆಲೆಯೂ ಬರೆದ ಹಲಗೆ, ಕಲ್ಲುಹಾಸಿನ ಮೇಜುಗಳು, ಮೇಜಿಗೆ ನಾಲ್ಕು ಕುರ್ಚಿ. ಮೂವರು ಕುಳಿತಿರುವ ಮೇಜಿನ ನಾಲ್ಕನೆಯ ಕುರ್ಚಿಯನ್ನು ಅಪರಿಚಿತನೊಬ್ಬ ಎಳೆದು ಕುಳಿತುಕೊಳ್ಳುತ್ತಾನೆ. ಅವನ ಹೆಸರನ್ನು, ಊರನ್ನು, ಕುಲವನ್ನು ಯಾರೂ ಕೇಳುವುದಿಲ್ಲ. ಎದುರಿನವನು ಸಾಂಬಾರಿನಲ್ಲಿ ಇಡ್ಲಿ ಅದ್ದುತ್ತಿರುವಂತೆಯೇ ಇವನ ಕಾಫಿಯೂ ಬರುತ್ತದೆ.

ಇದು ಚರಿತ್ರಕಾರರ ಗಮನಕ್ಕೆ ಬರಬೇಕಾದ ಸಂಗತಿ ಎಂದು ಮೇಲುನೋಟಕ್ಕೆ ತೋರದು. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ನಗರದಲ್ಲಿ ಹೀಗೆ ಕುಳಿತುಕೊಳ್ಳುವುದು ಸುಲಭಸಾಧ್ಯವಾಗಿರಲಿಲ್ಲ. ಯಾರು ಬೇಯಿಸಿದ್ದು, ಯಾರು ಬಡಿಸಿದ್ದು, ಯಾರ ಪಕ್ಕದಲ್ಲಿ ಕುಳಿತು ಉಂಡದ್ದು ಎಂಬ ಮೂರು ಪ್ರಶ್ನೆಗಳು ಊಟದ ಜೊತೆಗೇ ಬರುತ್ತಿದ್ದವು. ಹೋಟೆಲು ಈ ಪ್ರಶ್ನೆಗಳನ್ನು ತಾನಾಗಿಯೇ ಅಳಿಸಿಹಾಕಿತು ಎಂಬ ಅಭಿಪ್ರಾಯ ಕನ್ನಡದಲ್ಲಿ ಸಾಕಷ್ಟು ಪ್ರಚಲಿತವಾಗಿದೆ. ಹೋಟೆಲು ಉದ್ಯಮದ ಸಾಧನೆಗಳನ್ನು ಕೊಂಡಾಡುವ ಬರಹಗಳಲ್ಲಂತೂ ಇದು ಸಿದ್ಧ ವಾಕ್ಯ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಟೆಲಿಗೆ ಮೊದಲು ಪರಸ್ಥಳದವನಿಗೆ ಅನ್ನ ಸಿಗುತ್ತಿರಲಿಲ್ಲವೆಂದಲ್ಲ. ಛತ್ರ, ಮಠ, ದೇವಾಲಯ, ಅರವಟ್ಟಿಗೆಗಳು ನಾಡಿನುದ್ದಕ್ಕೂ ಇದ್ದವು. ಶಾಸನಗಳಲ್ಲಿ ಅನ್ನದಾನಕ್ಕೆ ಬಿಟ್ಟ ಭೂಮಿಯ ಉಲ್ಲೇಖಗಳು ಹೇರಳವಾಗಿವೆ. ಆದರೆ ಅಲ್ಲಿ ಅನ್ನ ದಾನದ ವಸ್ತು. ಪಡೆಯುವವನ ಸ್ಥಾನ ಮೊದಲೇ ನಿಶ್ಚಿತ. ಯಾರು ಯಾವ ಪಂಕ್ತಿಯಲ್ಲಿ, ಯಾವ ಪ್ರಾಂಗಣದಲ್ಲಿ ಕುಳಿತುಕೊಳ್ಳಬೇಕೆಂಬುದು ಹುಟ್ಟಿನಿಂದ ತೀರ್ಮಾನವಾಗಿರುತ್ತಿತ್ತು. ಅನ್ನವನ್ನು ಮಾರುವುದು, ಅಂದರೆ ‘ಅನ್ನವಿಕ್ರಯ’, ಸಾಂಪ್ರದಾಯಿಕ ದೃಷ್ಟಿಯಲ್ಲಿ ಹೀನವಾದ ವೃತ್ತಿ. ಹೋಟೆಲು ಇಟ್ಟವನು ಹಣ ಗಳಿಸಿದರೂ ಊರಿನಲ್ಲಿ ಅವನ ಬಗ್ಗೆ ಒಂದು ಮೂಗುಮುರಿತ ಉಳಿಯುತ್ತಿದ್ದುದಕ್ಕೆ ಇದೇ ಕಾರಣ. ಶಿವರಾಮ ಕಾರಂತರು 1940ರ ದಶಕದ ಆರಂಭದಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕಡಲ ಕರೆಯ ಎರಡು ಬ್ರಾಹ್ಮಣ ಮನೆಗಳ ಪೈಪೋಟಿಯ ಚಿತ್ರವಿದೆ. ಒಂದು ಮನೆ ಮಗನನ್ನು ಇಂಗ್ಲಿಷ್ ಓದಿಗೆ ಕಳುಹಿಸಿದರೆ ಇನ್ನೊಂದು ಮನೆಯ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲಿನಿಂದ ಹಣ ಮಾಡುತ್ತಾರೆ. ಕಾದಂಬರಿಯನ್ನು ದಾಖಲೆಯಾಗಿ ಓದುವುದಕ್ಕೆ ಮಿತಿಗಳಿವೆ ನಿಜ. ಆದರೂ ಆ ಕಾಲದ ದಕ್ಷಿಣ ಕನ್ನಡದಲ್ಲಿ ‘ಬೆಂಗಳೂರಿನ ಹೋಟೆಲು’ ಎಂಬುದು ಎಷ್ಟು ಪರಿಚಿತವಾದ ದಾರಿಯಾಗಿತ್ತು ಎಂಬುದಕ್ಕೆ ಅದಕ್ಕಿಂತ ಉತ್ತಮ ಸಾಕ್ಷ್ಯ ದೊರೆಯುವುದು ಕಷ್ಟ.

ಆ ದಾರಿ ತೆರೆದದ್ದು ನಗರದ ಅಗತ್ಯದಿಂದ. 1898ರ ಪ್ಲೇಗಿನ ತರುವಾಯ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಸರ್ಕಾರಿ ಕಚೇರಿಗಳು, ಕಾಲೇಜುಗಳು, ಬಟ್ಟೆ ಗಿರಣಿಗಳು ಒಂಟಿ ಗಂಡಸರನ್ನು ನಗರಕ್ಕೆ ತಂದವು. ಮನೆ ಇಲ್ಲದ ಗುಮಾಸ್ತ, ಕೋರ್ಟು ಕೆಲಸಕ್ಕೆ ಬಂದ ರೈತ, ವಾರಾನ್ನ ಸಿಗದ ವಿದ್ಯಾರ್ಥಿ ಇವರೇ ಮೊದಲ ಗಿರಾಕಿಗಳು. ಮುಂಬಯಿಯ ಉಪಾಹಾರ ಗೃಹಗಳ ಬಗ್ಗೆ ಬರೆದಿರುವ ಫ್ರಾಂಕ್ ಕಾನ್‌ಲನ್ ಅಲ್ಲಿಯೂ ಇಂಥದೇ ಅನಿವಾರ್ಯತೆಯನ್ನು ಗುರುತಿಸುತ್ತಾರೆ. ಹೊರಗೆ ಉಣ್ಣುವುದು ಮೊದಲಿಗೆ ಹವ್ಯಾಸವಾಗಿರಲಿಲ್ಲ, ಮನೆಯಿಂದ ದೂರವಿದ್ದವನ ಪಾಡಾಗಿತ್ತು.

ಆದರೆ ಈ ಗಿರಾಕಿಗೆ ಆಚಾರದ ತೊಡಕಿತ್ತು. ಇಲ್ಲಿ ‘ಊಟ’ ಮತ್ತು ‘ತಿಂಡಿ’ ಎಂಬ ವಿಂಗಡಣೆ ಮುಖ್ಯವಾಗುತ್ತದೆ. ಬೇಯಿಸಿದ ಅನ್ನ, ಹುಳಿ, ಸಾರುಗಳು ಮುಸುರೆಯ ಪದಾರ್ಥಗಳು. ಮಡಿಯ ನಿಯಮಗಳು ಅವುಗಳ ಸುತ್ತ ಬಿಗಿಯಾಗಿದ್ದವು. ಹುರಿದದ್ದು, ಕರಿದದ್ದು, ಅವಲಕ್ಕಿ, ಹಾಲು, ಹಣ್ಣು ಇವುಗಳ ವಿಷಯದಲ್ಲಿ ಅಷ್ಟು ಬಿಗಿಯಿರಲಿಲ್ಲ. ಒಪ್ಪತ್ತಿನ ದಿನ ಅನ್ನ ವರ್ಜ್ಯವಾದರೂ ಉಪ್ಪಿಟ್ಟು, ದೋಸೆಗಳು ‘ಫಲಾಹಾರ’ವೆಂದು ಅನೇಕ ಮನೆಗಳಲ್ಲಿ ಸಲ್ಲುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಹಾಗಾಗಿ ಬೀದಿಯ ಹೋಟೆಲು ಊಟಕ್ಕಿಂತ ಹೆಚ್ಚಾಗಿ ಕಾಫಿ–ತಿಂಡಿಯ ಮೂಲಕ ಬೇರೂರಿತು. ಅವು ಊಟವೂ ಅಲ್ಲ, ಉಪವಾಸವೂ ಅಲ್ಲ. ಮನೆಯಲ್ಲಿ ಉಣ್ಣುವ ನಿಷ್ಠೆಯನ್ನು ಬಿಡದೆ ಹೊರಗೆ ತಿನ್ನುವುದಕ್ಕೆ ಇಂಥ ಒಂದು ಮಧ್ಯಮ ಸ್ಥಾನ ಬೇಕಾಗಿತ್ತು. ‘ಟಿಫನ್ ರೂಂ’, ‘ಕಾಫಿ ಕ್ಲಬ್’, ‘ಉಪಾಹಾರ ಮಂದಿರ’ ಎಂಬ ಹೆಸರುಗಳಲ್ಲಿ ಊಟ ಎಂಬ ಮಾತು ಇಲ್ಲದಿರುವುದು ಕೇವಲ ಆಕಸ್ಮಿಕವೆನಿಸದು.

ಕೋಟ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ‘ಬ್ರಾಹ್ಮಣರ ಕಾಫಿ ಕ್ಲಬ್’ ತೆರೆದರು. ಮುಂದೆ ಮಾವಳ್ಳಿ ಟಿಫನ್ ರೂಂ ಎಂದು ಪ್ರಸಿದ್ಧವಾದದ್ದು ಇದೇ ಸಂಸ್ಥೆ. ಹೆಸರಿನಲ್ಲಿ ಜಾತಿ ಸೂಚಿಸುವ ವಾಡಿಕೆ ಅವರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಅಂದಿನ ದಕ್ಷಿಣ ಭಾರತದ ನಗರಗಳಲ್ಲೆಲ್ಲ ಅದು ಸಾಮಾನ್ಯ. ಬೀದಿಯ ನಾಮಫಲಕಗಳೇ ಒಂದು ಸಾಮಾಜಿಕ ನಕ್ಷೆಯಂತಿದ್ದವು. ‘ಬ್ರಾಹ್ಮಣರ’ ಎಂದರೆ ಅಡಿಗೆಯವನ ಕುಲ. ‘ಹಿಂದೂ ಹೋಟೆಲು’ ಎಂದರೆ ಮುಸ್ಲಿಮರ ಮತ್ತು ಇರಾನಿಗಳ ಅಂಗಡಿಗಳಿಂದ ಬೇರೆ ಎಂಬ ಘೋಷಣೆ. ‘ಮಿಲಿಟರಿ ಹೋಟೆಲು’ ಎಂದರೆ ಮಾಂಸದೂಟ. ಈ ಹೆಸರಿನ ಹುಟ್ಟಿನ ಬಗ್ಗೆ ಬಗೆಬಗೆಯ ವಿವರಣೆಗಳಿದ್ದರೂ ಅರ್ಥದಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಅಪರಿಚಿತರ ನಗರದಲ್ಲಿ ಅಡಿಗೆಯವನನ್ನು ಗಿರಾಕಿ ಬಲ್ಲವನಲ್ಲ. ನಾಮಫಲಕ ಆ ಅಪರಿಚಿತನಿಗೆ ಜಾಮೀನು ನಿಲ್ಲುತ್ತಿತ್ತು. ಬ್ರಾಹ್ಮಣನು ಬೇಯಿಸಿದ್ದನ್ನು ಇತರ ಹಲವು ಜಾತಿಯವರೂ ತಿನ್ನಬಹುದಾದ್ದರಿಂದ ಈ ಜಾಮೀನಿಗೆ ಬಹಳ ದೊಡ್ಡ ಮಾರುಕಟ್ಟೆಯಿತ್ತು. ಉಡುಪಿಯ ಅಷ್ಟಮಠಗಳ ಪಾಕಶಾಲೆಗಳಲ್ಲಿ ಸಾವಿರಾರು ಜನರಿಗೆ ಅಡಿಗೆ ಮಾಡಿ ಪಳಗಿದ ಕೈಗಳಿಗೆ ಇದೊಂದು ಸಿದ್ಧ ಬಂಡವಾಳವಾಯಿತು. ಮಡಿ ಎಂಬುದು ಇಲ್ಲಿ ವ್ಯಾಪಾರಕ್ಕೆ ಅಡ್ಡಿಯಾಗಲಿಲ್ಲ, ಸ್ವತಃ ಸರಕಾಯಿತು. ಹೋಟೆಲು ಜಾತಿಯನ್ನು ಮುರಿಯಿತೆಂದು ಹೇಳುವವರು ಈ ಮೊದಲ ಘಟ್ಟವನ್ನು ಸಾಮಾನ್ಯವಾಗಿ ದಾಟಿ ಮುಂದೆ ಹೋಗಿಬಿಡುತ್ತಾರೆ.

ಅಡಿಗೆಮನೆಯಲ್ಲಿ ಜಾತಿ ಸರಕಾಗಿದ್ದರೆ ಹಜಾರದಲ್ಲಿ ಅದು ಗೋಡೆಯಾಗಿತ್ತು. ತಮಿಳುನಾಡಿನ ಕಾಫಿಯ ಸಾಂಸ್ಕೃತಿಕ ಚರಿತ್ರೆಯನ್ನು ಬರೆದ ಎ.ಆರ್. ವೆಂಕಟಾಚಲಪತಿ, ಅಲ್ಲಿನ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೂ ಇತರರಿಗೂ ಪ್ರತ್ಯೇಕ ಸ್ಥಳಗಳಿದ್ದುದನ್ನು ವಿವರವಾಗಿ ತೋರಿಸಿದ್ದಾರೆ. ಮದರಾಸು ಪ್ರಾಂತದ ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿಯೂ ಇದೇ ಏರ್ಪಾಡು. ಪೆರಿಯಾರ್ ಇ.ವಿ. ರಾಮಸ್ವಾಮಿಯವರು ಮತ್ತು ಅವರ ಚಳವಳಿ ದೀರ್ಘಕಾಲ ಇದನ್ನು ವಿರೋಧಿಸಿದ ಮೇಲೆ 1941ರಲ್ಲಿ ರೈಲ್ವೆಯ ಈ ವಿಭಜನೆ ಕೊನೆಗೊಂಡಿತು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಹೋಟೆಲೊಂದರ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದದ ವಿರುದ್ಧ ಅವರು ಹೂಡಿದ ಪಿಕೆಟಿಂಗು ತಿಂಗಳುಗಟ್ಟಲೆ ನಡೆದು ನೂರಾರು ಕಾರ್ಯಕರ್ತರು ಬಂಧನಕ್ಕೊಳಗಾದರು. ಒಂದು ಪದಕ್ಕಾಗಿ ಇಷ್ಟೊಂದು ಗದ್ದಲವೇ ಎಂದು ಆಗ ಕೇಳಿದವರಿರಬಹುದು. ಆ ಪದ ಬೀದಿಯಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂಬುದನ್ನು ಮೇಲೆ ನೋಡಿದ ಮೇಲೆ ಆ ಪ್ರಶ್ನೆ ಉಳಿಯುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ಪ್ರಮಾಣದ ಬೀದಿಯ ಹೋರಾಟ ಹೋಟೆಲಿನ ಸುತ್ತ ನಡೆಯಲಿಲ್ಲ. ಇಲ್ಲಿ ಗೋಡೆ ಸವೆದದ್ದು ಹೆಚ್ಚು ಸದ್ದಿಲ್ಲದೆ, ಬಹುಮಟ್ಟಿಗೆ ಸ್ಥಳದ ಅಭಾವದಿಂದ. ಬೀದಿಯ ಬಾಡಿಗೆ ಹೆಚ್ಚು, ಕೋಣೆ ಕಿರಿದು, ಬೆಳಗಿನ ಎರಡು ಗಂಟೆಯ ಅವಧಿಯಲ್ಲಿ ಬರುವ ಗಿರಾಕಿಗಳು ಬಹಳ. ಬ್ರಾಹ್ಮಣರ ಕೋಣೆಯಲ್ಲಿ ಕುರ್ಚಿಗಳು ಖಾಲಿಯಿದ್ದು ಹೊರಗಿನ ಕೋಣೆಯಲ್ಲಿ ಜನ ನಿಂತಿದ್ದರೆ ನಷ್ಟ ಯಜಮಾನನಿಗೆ. ಪಂಕ್ತಿಯೆಂದರೆ ಎಲ್ಲರೂ ಒಟ್ಟಿಗೆ ಕುಳಿತು ಒಟ್ಟಿಗೆ ಏಳುವ ವ್ಯವಸ್ಥೆ; ಮೇಜಿನಲ್ಲಿ ಒಬ್ಬ ಏಳುವಾಗ ಇನ್ನೊಬ್ಬ ಕುಳಿತಿರುತ್ತಾನೆ. ಕಾಲದ ಈ ವ್ಯತ್ಯಾಸವೇ ಪಂಕ್ತಿಯ ನಿಯಮಗಳನ್ನು ಮೇಜಿಗೆ ಅನ್ವಯಿಸುವುದನ್ನು ಕಷ್ಟವಾಗಿಸಿತು.

ಪಾತ್ರೆಗಳ ಚರಿತ್ರೆಯೂ ಇಲ್ಲಿ ಗಮನಾರ್ಹ. ಎಂಜಲಿನ ಭಯವಿದ್ದ ಸಮಾಜದಲ್ಲಿ ಒಬ್ಬನ ಬಾಯಿಗಿಟ್ಟ ಲೋಟ ಇನ್ನೊಬ್ಬನಿಗೆ ಬರುವುದು ಸಣ್ಣ ಸಂಗತಿಯಲ್ಲ. ಅಂಚು ಹೊರಮುಖವಾಗಿ ಬಾಗಿದ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬಹುದು. ಬಿಸಿಯಾದ ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸಿಕೊಳ್ಳಬಹುದು. ಇರಾನಿ ಅಂಗಡಿಯ ಪಿಂಗಾಣಿ ಕಪ್ಪಿನಲ್ಲಿ ಈ ಅನುಕೂಲವಿಲ್ಲ. ಬಾಳೆಲೆಯಲ್ಲಿ ಬಡಿಸಿದರೆ ತಟ್ಟೆಯ ಪ್ರಶ್ನೆಯೇ ಏಳದು. ಆದರೆ ಎಲೆ ಎತ್ತುವವನು ಯಾರೆಂಬ ಪ್ರಶ್ನೆ ಏಳುತ್ತದೆ. ಸಪ್ಲೈಯರು ಬಡಿಸುತ್ತಾನೆ, ಎಂಜಲು ಮುಟ್ಟುವುದಿಲ್ಲ. ಕ್ಲೀನರು ಎಂಜಲು ತೆಗೆಯುತ್ತಾನೆ, ಬಡಿಸುವುದಿಲ್ಲ. ಹೋಟೆಲಿನ ಈ ಕೆಲಸದ ವಿಂಗಡಣೆ ಆಧುನಿಕ ವ್ಯವಹಾರದ ಶಿಸ್ತಿನಂತೆ ತೋರಿದರೂ ಅದರ ಬೇರು ಹಳೆಯ ಮಡಿಮೈಲಿಗೆಯಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲದ ಅಕ್ಕಿಯ ಅಭಾವ ಮಾವಳ್ಳಿಯಲ್ಲಿ ರವೆ ಇಡ್ಲಿಯ ಪ್ರಯೋಗಕ್ಕೆ ಕಾರಣವಾಯಿತೆಂಬುದು ಪ್ರಸಿದ್ಧವೇ ಇದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಆರಂಭವಾದದ್ದೂ ಯುದ್ಧಕಾಲದಲ್ಲಿಯೇ, 1943ರಲ್ಲಿ. ಅದರ ಹೆಸರು ಕುಲವನ್ನು ಸೂಚಿಸದೆ ಗಿರಾಕಿಯನ್ನು ಸೂಚಿಸುತ್ತದೆ ಎಂಬುದನ್ನು ಗಮನಿಸಬೇಕು.

ವ್ಯಾಪಾರದ ಒತ್ತಡ ಎಷ್ಟು ದೂರ ಒಯ್ಯಬಲ್ಲದೋ ಅಷ್ಟು ದೂರ ಒಯ್ದಿತ್ತು. ಆದರೆ ಅದರ ಫಲ ದೊರೆತದ್ದು ಮುಖ್ಯವಾಗಿ ಬ್ರಾಹ್ಮಣೇತರ ಸವರ್ಣೀಯರಿಗೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಬಾಗಿಲು ಮುಚ್ಚಿಯೇ ಇತ್ತು. ಹಣವಿದ್ದರೂ ಅದು ಅವರಿಗೆ ತೆರೆಯದೆ ಇದ್ದುದು, ಮಾರುಕಟ್ಟೆಗೆ ಜಾತಿ ಕಾಣದೆಂಬ ವಾದವನ್ನು ಸುಳ್ಳಾಗಿಸುತ್ತದೆ. ಈ ಬಾಗಿಲನ್ನು ತೆರೆದದ್ದು ಕಾನೂನು. ಸಂವಿಧಾನ ಸಭೆ 1948ರ ನವೆಂಬರ್ 29ರಂದು ತಾರತಮ್ಯ ನಿಷೇಧದ ಕರಡು ವಿಧಿಯನ್ನು ಚರ್ಚಿಸಿದಾಗ ‘ಅಂಗಡಿ’ ಎಂಬ ಪದದ ವ್ಯಾಪ್ತಿಯ ಪ್ರಶ್ನೆ ಬಂದಿತು. ಸೇವೆಯನ್ನು ಬಯಸಿ ಬರುವ ಯಾರಿಗಾದರೂ ಅದನ್ನು ಒದಗಿಸಲು ಮಾಲೀಕನು ಸಿದ್ಧನಿರುವ ಸ್ಥಳವೇ ಅಂಗಡಿ ಎಂಬ ವಿಶಾಲ ಅರ್ಥವನ್ನು ಡಾ. ಬಿ.ಆರ್. ಅಂಬೇಡ್ಕರ್ ಅದಕ್ಕೆ ನೀಡಿದರು. ಇಂಥ ಅರ್ಥದಲ್ಲಿ ಬೀದಿಗೆ ಬಾಗಿಲು ತೆರೆದು ಕುಳಿತವನು ಬರುವವನ ಕುಲವನ್ನು ಕೇಳುವ ಹಕ್ಕನ್ನು ಆಗಲೇ ಬಿಟ್ಟುಕೊಟ್ಟಿರುತ್ತಾನೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ ಹಾಗೂ ಹೋಟೆಲುಗಳ ಪ್ರವೇಶವನ್ನು ಹೆಸರಿಸಿಯೇ ಹೇಳಲಾಗಿದೆ. ದೇಶದ ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಹೋಟೆಲಿಗೆ ಸ್ಥಾನ ದೊರೆತದ್ದು ಆ ಕಾಲದ ಅನುಭವದ ಕಹಿಯನ್ನೇ ಸೂಚಿಸುತ್ತದೆ.

1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 4ನೆಯ ಪ್ರಕರಣ ಹೋಟೆಲಿನ ಪ್ರವೇಶವನ್ನು ತಡೆಯುವುದನ್ನಷ್ಟೇ ಅಲ್ಲದೆ, ಸಾರ್ವಜನಿಕರ ಉಪಯೋಗಕ್ಕಾಗಿ ಅಲ್ಲಿ ಇಟ್ಟಿರುವ ಪಾತ್ರೆಗಳ ಬಳಕೆಯನ್ನು ತಡೆಯುವುದನ್ನೂ ಅಪರಾಧವೆಂದು ಸಾರಿತು. ಒಳಗೆ ಬಿಟ್ಟುಕೊಂಡು ಬೇರೆ ಲೋಟ ಕೊಡುವ ಉಪಾಯವನ್ನು ಶಾಸನಕರ್ತರು ಮುಂದಾಗಿಯೇ ಕಂಡಿದ್ದರು. 1976ರಲ್ಲಿ ಈ ಕಾಯಿದೆ ಬಿಗಿಗೊಂಡು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರು ಪಡೆಯಿತು.

ಫಲಕಗಳ ಮಾತು ಬದಲಾದದ್ದೂ ಈ ಅವಧಿಯಲ್ಲಿಯೇ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಉಪಾಹಾರ ಗೃಹಗಳ ವ್ಯವಸ್ಥೆಯನ್ನು ನೋಡಿ ಬಂದ ಮೇಲೆ ಬ್ರಾಹ್ಮಣರ ಕಾಫಿ ಕ್ಲಬ್ಬು ಮಾವಳ್ಳಿ ಟಿಫನ್ ರೂಂ ಆಯಿತು. ಪಾತ್ರೆಗಳ ಶುದ್ಧಿ ಹಾಗೂ ಅಡಿಗೆಮನೆಯ ಸ್ವಚ್ಛತೆ ಅದರ ಹೊಸ ಹೆಗ್ಗುರುತಾದವು. ಈ ಬದಲಾವಣೆಯನ್ನು ಕಾನೂನಿನ ಫಲವೆಂದೋ ಪ್ರವಾಸದ ಫಲವೆಂದೋ ಒಂದೇ ಎಳೆಗೆ ಕಟ್ಟುವುದು ಸರಿಯಾಗದು. ಆದರೆ ಮಡಿಯ ಸ್ಥಾನದಲ್ಲಿ ಶುಚಿತ್ವ ಬಂದು ಕುಳಿತದ್ದು ಮುಖ್ಯ. ಗಿರಾಕಿಗೆ ಜಾಮೀನು ಇನ್ನೂ ಬೇಕಿತ್ತು. ಅದು ಅಡಿಗೆಯವನ ಜನಿವಾರದಿಂದ ಪಾತ್ರೆ ತೊಳೆಯುವ ಬಿಸಿನೀರಿಗೆ ವರ್ಗವಾಯಿತು.

ಮೇಜಿನ ಈಚೆಗಿನ ಚರಿತ್ರೆ ಇದಾದರೆ ಆಚೆಗಿನದು ಬೇರೆ. ‘ಮಾಣಿ’ ಎಂಬ ಪದವೇ ಇದಕ್ಕೆ ಪ್ರವೇಶ ನೀಡುತ್ತದೆ. ವಟು, ಹುಡುಗ ಎಂಬ ಅರ್ಥದ ಈ ಮಾತು ಕರಾವಳಿಯ ಬ್ರಾಹ್ಮಣ ಮನೆಗಳಲ್ಲಿ ವಾತ್ಸಲ್ಯದ ಸಂಬೋಧನೆ. ಹೋಟೆಲಿಗೆ ಬಂದು ಅದು ವಯಸ್ಸನ್ನೂ ಕುಲವನ್ನೂ ಕಳೆದುಕೊಂಡು ಬಡಿಸುವವನ ಹೆಸರಾಯಿತು. ಐವತ್ತು ವರ್ಷದವನೂ ಮಾಣಿಯೇ. ಘಟ್ಟದ ಕೆಳಗಿನ ಬಡತನದಿಂದ ಹೊರಟ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜು ಬೆಂಚುಗಳ ಮೇಲೆ ಮಲಗಿ, ಕ್ರಮೇಣ ಸಪ್ಲೈಯರಾಗಿ, ಭಟ್ಟರಾಗಿ, ಅದೃಷ್ಟವಿದ್ದರೆ ಗಲ್ಲಾದ ಮೇಲೆ ಕುಳಿತರು. ಮಾಲೀಕರಾದವರ ಕಥೆಗಳು ಸ್ಮರಣ ಸಂಚಿಕೆಗಳಲ್ಲಿ ದಾಖಲಾಗಿವೆ. ಲೋಟ ತೊಳೆಯುತ್ತಲೇ ಉಳಿದವರದು ಉಳಿದಿಲ್ಲ.

ಇದೇ ಹುಡುಗರ ಇನ್ನೊಂದು ದಾರಿ ಮುಂಬಯಿಯದು. ಅಲ್ಲಿನ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಬಾಳೆಲೆಯ ಊಟಕ್ಕೆ ಹೆಸರಾಯಿತು. ಬಂಟ ಸಮುದಾಯದವರು ಈ ಉದ್ಯಮಕ್ಕೆ ದೊಡ್ಡ ಸಂಖ್ಯೆಯಲ್ಲಿ ಇಳಿದ ಮೇಲೆ ‘ಉಡುಪಿ ಹೋಟೆಲು’ ಎಂಬುದು ಕುಲದ ಹೆಸರಾಗಿರದೆ ಒಂದು ಬಗೆಯ ತಿಂಡಿಯ ಹೆಸರಾಯಿತು. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಒಂದು ಪೀಳಿಗೆಯೇ ಆ ನಗರದಲ್ಲಿದೆ. 1966ರಲ್ಲಿ ಸ್ಥಾಪನೆಯಾದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ದಕ್ಷಿಣದವರ ಮೇಲೆ ತಿರುಗಿದಾಗ ಈ ಹೋಟೆಲುಗಳೂ ಗುರಿಯಾದವು. ಮೇಜಿನಲ್ಲಿ ಕುಳಿತವನ ಕುಲವನ್ನು ಕೇಳುವುದು ನಿಂತ ಕಾಲದಲ್ಲಿ ಅಂಗಡಿ ಇಟ್ಟವನ ಭಾಷೆಯನ್ನು ಕೇಳತೊಡಗಿದರು.

ದುಡಿಯುವವರೇ ಮಾಲೀಕರಾದ ಒಂದು ಪ್ರಯೋಗವೂ ನಡೆಯಿತು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ನಿರ್ಧರಿಸಿದಾಗ ಕೆಲಸಗಾರರು ಎ.ಕೆ. ಗೋಪಾಲನ್ ಅವರ ಬೆಂಬಲದೊಡನೆ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮಹಾತ್ಮಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಖಾಸಗಿ ಹೋಟೆಲುಗಳಿಗೆ ಈ ಮಾದರಿ ಹರಡಲಿಲ್ಲ. ಬಾಲಕರ ದುಡಿಮೆಗೆ ಸಂಬಂಧಿಸಿದಂತೆ 1986ರ ಕಾಯಿದೆಯ ಅಡಿಯಲ್ಲಿ ಹದಿನಾಲ್ಕು ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ನೇಮಿಸುವುದನ್ನು ನಿಷೇಧಿಸಿದ ಅಧಿಸೂಚನೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಲೋಟದ ಬಗ್ಗೆ ಕಾಯಿದೆ ಬಂದು ಅರ್ಧ ಶತಮಾನ ಕಳೆದ ಮೇಲೆ ಲೋಟ ತೊಳೆಯುವ ಹುಡುಗನ ಸರದಿ ಬಂದಿತು.

ಬೆಂಗಳೂರಿನ ಬೀದಿಯ ಹೋಟೆಲಿನ ರೂಪ ಮತ್ತೊಮ್ಮೆ ಬದಲಾದದ್ದು 1983ರಲ್ಲಿ. ಆರ್. ಪ್ರಭಾಕರ್ ಅವರ ಪರಿಕಲ್ಪನೆಯಲ್ಲಿ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಆರಂಭವಾಯಿತು. ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ಕಟ್ಟೆಯ ಬಳಿ ಹೋಗಿ ತಟ್ಟೆ ತೆಗೆದುಕೊಳ್ಳಬೇಕು, ಎತ್ತರದ ಮೇಜಿನ ಬಳಿ ನಿಂತು ತಿನ್ನಬೇಕು. ಕುರ್ಚಿ ಇಲ್ಲ, ಮಾಣಿ ಇಲ್ಲ. ಸಣ್ಣ ಜಾಗದಲ್ಲಿ ಹೆಚ್ಚು ಜನ, ಕಡಿಮೆ ಬೆಲೆ ಎಂಬ ಲೆಕ್ಕಾಚಾರ ಇದರ ಹಿಂದಿನದು. ಹತ್ತಾರು ವರ್ಷಗಳಲ್ಲಿ ಬಡಾವಣೆ ಬಡಾವಣೆಯಲ್ಲೂ ದರ್ಶಿನಿಗಳು ಹುಟ್ಟಿಕೊಂಡವು. ಆದರೆ ಪ್ರಸ್ತುತ ಚರ್ಚೆಯ ದೃಷ್ಟಿಯಿಂದ ಅದರ ಮಹತ್ವ ಬೇರೆಡೆಯಿದೆ. ಮೊದಲು ಪಂಕ್ತಿ ಹೋಗಿ ಮೇಜು ಬಂದಿತ್ತು. ಈಗ ಆಸನವೇ ಹೋಯಿತು. ‘ಯಾರ ಪಕ್ಕದಲ್ಲಿ ಕುಳಿತು’ ಎಂಬ ಪ್ರಶ್ನೆಗೆ ಕುಳಿತುಕೊಳ್ಳುವುದೇ ಇಲ್ಲವೆಂಬ ಉತ್ತರ ದೊರೆಯಿತು. ‘ಯಾರು ಬಡಿಸಿದ್ದು’ ಎಂಬ ಪ್ರಶ್ನೆಗೂ ತಾನೇ ತೆಗೆದುಕೊಳ್ಳುವುದೆಂಬ ಉತ್ತರ. ಹಿಂದೆ ‘ಫ್ಯಾಮಿಲಿ ರೂಂ’ ಎಂಬ ಪರದೆಯ ಮರೆಯಲ್ಲಿ ಮಾತ್ರ ಹೋಟೆಲಿಗೆ ಬರುತ್ತಿದ್ದ ಹೆಂಗಸರು ಇಲ್ಲಿ ಬೀದಿಗೆ ಮುಖಮಾಡಿ ನಿಂತು ಕಾಫಿ ಕುಡಿಯತೊಡಗಿದ್ದೂ ಸಣ್ಣ ಬದಲಾವಣೆಯಲ್ಲ.

ನಗರದ ಬೀದಿಯನ್ನು ಬಿಟ್ಟು ಹಳ್ಳಿಯ ಚಹಾದಂಗಡಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ದಲಿತರಿಗೆ ಪ್ರತ್ಯೇಕ ಲೋಟ ಇಡುವ ಪದ್ಧತಿಯನ್ನು 1970ರ ದಶಕದಿಂದ ಮುಂದಕ್ಕೆ ದಲಿತ ಸಂಘರ್ಷ ಸಮಿತಿ ಊರೂರುಗಳಲ್ಲಿ ಪ್ರಶ್ನಿಸಬೇಕಾಗಿ ಬಂದಿತು. ಕಾಯಿದೆ ಅದೇ, ದಂಡವೂ ಅದೇ. ಆದರೆ ಹಳ್ಳಿಯಲ್ಲಿ ಯಾರೂ ಅಪರಿಚಿತರಲ್ಲ. ಕುಲವನ್ನು ಕೇಳಬೇಕಾಗಿಯೇ ಇಲ್ಲ. ನಗರದಲ್ಲಿ ನಾಲ್ಕನೆಯ ಕುರ್ಚಿಯನ್ನು ತೆರವು ಮಾಡಿಕೊಟ್ಟದ್ದು ಕಾನೂನು, ಚಳವಳಿ ಹಾಗೂ ವ್ಯಾಪಾರಗಳ ಜೊತೆಗೆ ಈ ಅಪರಿಚಿತತೆಯೂ ಹೌದು. ಬಳಸಿ ಎಸೆಯುವ ಕಾಗದದ ಮತ್ತು ಪ್ಲಾಸ್ಟಿಕ್ಕಿನ ಲೋಟಗಳು ಬಂದ ಮೇಲೆ ಎಷ್ಟೋ ಕಡೆ ಎರಡು ಲೋಟಗಳ ಪದ್ಧತಿ ಕಣ್ಣಿಗೆ ಕಾಣದಾಯಿತು. ಕೆಲವರಿಗೆ ಸ್ಟೀಲು, ಕೆಲವರಿಗೆ ಕಾಗದ ಎಂದಾದಲ್ಲಿ ಅದನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಹಿಂದಿಗಿಂತ ಕಷ್ಟ.

ಮೂರು ಪ್ರಶ್ನೆಗಳಲ್ಲಿ ‘ಯಾರು ಬೇಯಿಸಿದ್ದು’ ಎಂಬ ಮೊದಲನೆಯದು ನಗರದಲ್ಲಿ ಎಲ್ಲಕ್ಕಿಂತ ತಡವಾಗಿ ಸಡಿಲವಾಯಿತು. 1974ರ ಭೂಸುಧಾರಣೆಯ ಬಳಿಕ ಗೇಣಿಯ ಆದಾಯ ತಪ್ಪಿದ ಕರಾವಳಿಯ ಅನೇಕ ಕುಟುಂಬಗಳು ಹೋಟೆಲಿನತ್ತ ಹೊರಳಿದ್ದರಿಂದ ಅಡಿಗೆಯ ಭಟ್ಟರ ಕೊರತೆ ಕೆಲಕಾಲ ಕಾಣಲಿಲ್ಲ. ಅವರ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದ ಮೇಲೆ ಅದು ಕಾಣಿಸಿತು. ಇಂದು ಬೆಂಗಳೂರಿನ ಹೋಟೆಲುಗಳ ಅಡಿಗೆಮನೆಗಳಲ್ಲಿ ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ ಮುಂತಾದ ರಾಜ್ಯಗಳಿಂದ ಬಂದ ಯುವಕರು ಕೆಲಸ ಮಾಡುತ್ತಿದ್ದಾರೆ. ದರ್ಶಿನಿಯ ಕಟ್ಟೆಯ ಆಚೆಗೆ ಕಾವಲಿಯ ಮೇಲೆ ಹಿಟ್ಟು ಹರಡುವವನು ಎಲ್ಲರ ಕಣ್ಣೆದುರಿಗೇ ಇರುತ್ತಾನೆ. ಮೇಲಿನ ಫಲಕದಲ್ಲಿ ಉಡುಪಿಯ ಹೆಸರಿದೆ. ಚೀಟಿ ಹಿಡಿದು ನಿಂತವರು ದೋಸೆ ಗರಿಗರಿಯಾಗಿದೆಯೇ ಎಂದು ನೋಡುತ್ತಾರೆ.